ಇಕ್ಕಟ್ಟಿನಲ್ಲಿ ಕನ್ನಡದ ಅಕ್ಷರ

ಅಂಗಡಿಯ ಹೆಸರು ಎಷ್ಟೇ ಉದ್ದವಾಗಿರಲಿ, ಅದರ ಹಲಗೆಯ ಅಗಲ ಅಂಗಡಿಯ ಅಗಲವನ್ನು ಮೀರಲಾರದು. ಬೆಂಗಳೂರಿನ ಎನ್.ಆರ್. ಕಾಲೋನಿ, ಬಸವನಗುಡಿ, ಚಾಮರಾಜಪೇಟೆಗಳಂಥ ಹಳೆಯ ಬಡಾವಣೆಗಳಲ್ಲಿ ಎಂಟು ಹತ್ತು ಅಡಿ ಅಗಲದ ಮಳಿಗೆಗಳು ಒಂದಕ್ಕೊಂದು ಅಂಟಿಕೊಂಡು ನಿಂತಿರುವುದನ್ನು ವಾಚಕರು ನೋಡಿಯೇ ಇರುತ್ತಾರೆ. ಇಷ್ಟು ಕಿರಿದಾದ ಎಡೆಯಲ್ಲಿ ಹೆಸರು, ವ್ಯಾಪಾರದ ಬಗೆ, ವಿಳಾಸ ಇವೆಲ್ಲವೂ ಅಡಗಬೇಕು. ಸಾಲದುದಕ್ಕೆ ಎರಡು ಭಾಷೆಗಳಲ್ಲಿ ಅಡಗಬೇಕು. ಆಗ ಬರೆಯುವವನಿಗೆ ಉಳಿಯುವ ಉಪಾಯ ಒಂದೇ: ಅಕ್ಷರಗಳ ಎತ್ತರವನ್ನು ಹಾಗೆಯೇ ಉಳಿಸಿಕೊಂಡು ಅಗಲವನ್ನು ಮಾತ್ರ ಕುಗ್ಗಿಸುವುದು. ಹೀಗೆ ಕುಗ್ಗಿದ ಅಕ್ಷರಗಳನ್ನು ಮುದ್ರಣದವರು ಕಂಡೆನ್ಸ್ಡ್ ಅಕ್ಷರಗಳೆಂದು ಕರೆಯುತ್ತಾರೆ. ನಾವು ಇಲ್ಲಿ ಅವುಗಳನ್ನು ಇಕ್ಕಟ್ಟು ಅಕ್ಷರಗಳೆನ್ನೋಣ.

೨೦೨೪ರಲ್ಲಿ ತಿದ್ದುಪಡಿಯಾದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮವು ವ್ಯಾಪಾರ ಸಂಸ್ಥೆಗಳ ನಾಮಫಲಕಗಳಲ್ಲಿ ಪ್ರತಿಶತ ೬೦ರಷ್ಟು ಕನ್ನಡವಿರಬೇಕೆಂದೂ, ಅದು ಫಲಕದ ಮೇಲ್ಭಾಗದಲ್ಲಿರಬೇಕೆಂದೂ ವಿಧಿಸಿದೆ. ಸ್ಥಳವನ್ನು ಕಾನೂನು ಕೊಡಿಸಬಲ್ಲದು. ಆದರೆ ಆ ಸ್ಥಳದಲ್ಲಿ ಬರೆದ ಅಕ್ಷರ ದಾರಿಹೋಕನ ಕಣ್ಣಿಗೆ ತಿಳಿಯುವಂತಿದೆಯೆ, ಇಲ್ಲವೆ ಎಂಬುದನ್ನು ನಿರ್ಧರಿಸುವುದು ಕಣ್ಣಿನ ಶಕ್ತಿ ಮತ್ತು ಅಕ್ಷರದ ರಚನೆ. ಈ ಎರಡರ ಲೆಕ್ಕವನ್ನು ಸ್ವಲ್ಪ ವಿಚಾರಿಸಿ ನೋಡೋಣ.

ರೋಮನ್ ಲಿಪಿಯ ದಾರಿ

ಇಕ್ಕಟ್ಟು ಅಕ್ಷರ ಮೊದಲು ಬೆಳೆದದ್ದು ರೋಮನ್ ಲಿಪಿಯಲ್ಲಿ. ಆ ಲಿಪಿಯ ಅಕ್ಷರಗಳಲ್ಲಿ ಕಂಬಗಳ ತುದಿಗೆ ಚಿಕ್ಕ ಅಡ್ಡಗೆರೆಯೊಂದು ಇರುವುದುಂಟು. ಇದಕ್ಕೆ ಸೆರಿಫ್ ಎಂದು ಹೆಸರು. ರೋಮ್ ನಗರದಲ್ಲಿ ಕ್ರಿ.ಶ. ೧೧೩ರಲ್ಲಿ ನಿಂತ ಟ್ರಾಜನ್ ಸ್ತಂಭದ ಶಾಸನದಲ್ಲಿ ಸೆರಿಫ್‌ಗಳು ಬಹು ಸುಂದರವಾಗಿ ಕಾಣುತ್ತವೆ. ಹದಿನೆಂಟನೆಯ ಶತಮಾನದ ಕೊನೆಗೆ ಇಟಲಿಯ ಬೊಡೋನಿ, ಫ್ರಾನ್ಸಿನ ದಿದೋ ಮನೆತನದವರು ಕಂಬವನ್ನು ಬಹಳ ದಪ್ಪವಾಗಿಯೂ ಸೆರಿಫನ್ನು ಕೂದಲಿನಂತೆ ತೆಳ್ಳಗೂ ಮಾಡಿದರು. ದಪ್ಪ-ತೆಳುಗಳ ಈ ಭೇದವೇ ಮುಂದೆ ತಲೆಬರಹದ ಅಕ್ಷರಗಳಿಗೆ ತಳಹದಿಯಾಯಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಕಾರ್ಖಾನೆಗಳು ಹೆಚ್ಚಿ, ಸರಕು ಹೆಚ್ಚಿ, ಜಾಹೀರಾತು ಹುಟ್ಟಿತು. ಗೋಡೆಗೆ ಅಂಟಿಸುವ ಹಾಳೆಗಳಿಗೆ ದೂರದಿಂದ ಕಾಣುವ ದೊಡ್ಡ ಅಕ್ಷರಗಳು ಬೇಕಾದವು. ಸೀಸದಲ್ಲಿ ಅಂಥ ಮೊಳೆಗಳನ್ನು ಎರಕ ಹೊಯ್ದರೆ ತೂಕವೂ ಹೆಚ್ಚು, ಬೆಲೆಯೂ ಹೆಚ್ಚು. ಆದುದರಿಂದ ೧೮೨೭ರಲ್ಲಿ ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ಎಂಬಾತನು ಮರದ ಮೊಳೆಗಳನ್ನು ಯಂತ್ರದಿಂದ ಕೊರೆಯುವ ಸಾಧನವನ್ನು ಬಳಕೆಗೆ ತಂದನು. ೧೮೩೪ರಲ್ಲಿ ವಿಲಿಯಂ ಲೆವೆನ್‌ವರ್ತ್ ಅದಕ್ಕೆ ಪ್ಯಾಂಟೋಗ್ರಾಫನ್ನು ಜೋಡಿಸಿದನು. ಒಂದು ಮೂಲಚಿತ್ರದ ಮೇಲೆ ಕಡ್ಡಿಯನ್ನು ಆಡಿಸಿದರೆ ಇನ್ನೊಂದು ತುದಿಯಲ್ಲಿ ಅದೇ ಆಕೃತಿ ಬೇರೆ ಅಳತೆಯಲ್ಲಿ ಕೊರೆಯಲ್ಪಡುವುದು ಈ ಉಪಕರಣದ ತಂತ್ರ. ಅಲ್ಲಿಂದಾಚೆಗೆ ಅಕ್ಷರಗಳು ಬೇಕಾದಷ್ಟು ಎತ್ತರಕ್ಕೂ ಬೇಕಾದಷ್ಟು ಕಿರಿದಾಗಿಯೂ ದೊರೆಯತೊಡಗಿದವು.

ಪತ್ರಿಕೆಗಳಿಗೂ ಇದೇ ಅಗತ್ಯವಿತ್ತು. ಅವುಗಳ ಅಂಕಣ ಕೆಲವೇ ಅಂಗುಲ ಅಗಲ. ತಲೆಬರಹವಾದರೋ ಒಂದು ಪೂರ್ಣ ವಾಕ್ಯ. ೧೮೯೪ರಲ್ಲಿ ಅಮೆರಿಕದ 'ಸೆಂಚುರಿ' ಮಾಸಪತ್ರಿಕೆಗಾಗಿ ಲಿನ್ ಬಾಯ್ಡ್ ಬೆಂಟನ್ ರೂಪಿಸಿದ ಅಕ್ಷರಗಳು ಹಿಂದಿನವುಗಳಿಗಿಂತ ಕಪ್ಪಾಗಿಯೂ ತುಸು ಇಕ್ಕಟ್ಟಾಗಿಯೂ ಇದ್ದವು. ೧೯೩೨ರಲ್ಲಿ ಲಂಡನ್ನಿನ 'ಟೈಮ್ಸ್' ಪತ್ರಿಕೆ ಸ್ಟ್ಯಾನ್ಲಿ ಮಾರಿಸನ್ನನ ನೇತೃತ್ವದಲ್ಲಿ ಮಾಡಿಸಿಕೊಂಡ ಅಕ್ಷರಗಳೂ ಸ್ಥಳದ ಮಿತವ್ಯಯವನ್ನು ಮುಖ್ಯ ಗುರಿಯಾಗಿ ಇಟ್ಟುಕೊಂಡಿದ್ದವು.

ರೋಮನ್ ಅಕ್ಷರ ಇಷ್ಟು ಸುಲಭವಾಗಿ ಇಕ್ಕಟ್ಟಾಗಲು ಕಾರಣವೇನು? ಅದರಲ್ಲಿ ನೇರ ಕಂಬಗಳೇ ಹೆಚ್ಚು. ಎರಡು ಕಂಬಗಳನ್ನು ಹತ್ತಿರಕ್ಕೆ ಸರಿಸಿದರೂ ಅವು ಕಂಬಗಳಾಗಿಯೇ ಉಳಿಯುತ್ತವೆ. ದುಂಡಗಿನ 'ಓ' ಅಕ್ಷರವನ್ನು ಕೂಡ ಎರಡು ನೇರ ಕಂಬಗಳನ್ನಾಗಿ ಮಾಡಿ, ಮೇಲೆ ಕೆಳಗೆ ಎರಡು ಕಮಾನುಗಳನ್ನು ಹಾಕಿದರೆ ಕೆಲಸ ಮುಗಿಯಿತು. ಕನ್ನಡದಲ್ಲಿ ಹಾಗಿಲ್ಲ.

ಕನ್ನಡ ಅಕ್ಷರದ ಅಂಗರಚನೆ

ಕನ್ನಡದ ಅಕ್ಷರ ಸ್ವಭಾವತಃ ದುಂಡು. ಅದರ ಮುಖ್ಯ ಅಂಗ ಒಂದು ಬಳೆ. ಬಳೆಯ ಮೇಲೆ ತಲೆಕಟ್ಟು. ಈ ತಲೆಕಟ್ಟನ್ನು ಸೆರಿಫ್ ಎಂದು ಕೆಲವರು ಭಾವಿಸುವುದುಂಟು; ಆದರೆ ಅದು ಸರಿಯಲ್ಲ. ಸೆರಿಫನ್ನು ತೆಗೆದುಹಾಕಿದರೂ ರೋಮನ್ ಅಕ್ಷರ ತನ್ನ ಗುರುತನ್ನು ಕಳೆದುಕೊಳ್ಳುವುದಿಲ್ಲ. ತಲೆಕಟ್ಟಾದರೋ ಅಕ್ಷರದ ಶರೀರದ ಭಾಗ. 'ಕ', 'ತ', 'ನ'ಗಳಿಗೆ ಅದು ಉಂಟು. 'ಬ', 'ಲ', 'ಣ'ಗಳಿಗೆ ಇಲ್ಲ. ತಲೆಕಟ್ಟಿನ ಜಾಗದಲ್ಲಿ ಗುಡಿಸು ಬಂದರೆ 'ಕ' 'ಕಿ'ಯಾಗುತ್ತದೆ, ಏತ್ವ ಬಂದರೆ ಉಚ್ಚಾರಣೆಯೇ ಬೇರೆಯಾಗುತ್ತದೆ. ಆದಕಾರಣ ರೋಮನ್ನಿನ ಸೆರಿಫ್ ಬಗೆಗೆ ಸಮನಾದುದು ಕನ್ನಡದಲ್ಲಿ ಏನಾದರೂ ಇದ್ದರೆ ಅದು ಗೆರೆಯ ದಪ್ಪ-ತೆಳುಗಳ ಏರಿಳಿತವೇ ಹೊರತು ತಲೆಕಟ್ಟಲ್ಲ. ಗೂಗಲ್ ಸಂಸ್ಥೆಯ ನೋಟೋ ಮಾಲೆಯಲ್ಲಿ ಕನ್ನಡಕ್ಕೆ 'ಸೆರಿಫ್', 'ಸಾನ್ಸ್' ಎಂದು ಎರಡು ಹೆಸರಿನ ಅಕ್ಷರಗಳಿವೆ. ಸಾನ್ಸ್ ಎಂದರೆ ಸೆರಿಫ್ ಇಲ್ಲದ್ದು. ಈ ಎರಡರಲ್ಲಿಯೂ ತಲೆಕಟ್ಟು ಇದ್ದೇ ಇದೆ.

ಇನ್ನು ಬಳೆಯ ಒಳಭಾಗವನ್ನು ಗಮನಿಸಿರಿ. 'ರ' ಎಂಬ ಅಕ್ಷರದ ಒಡಲಿನಲ್ಲಿ ಒಂದು ಚುಕ್ಕೆಯಿಟ್ಟರೆ 'ಠ' ಆಗುತ್ತದೆ. 'ದ'ಕ್ಕೆ ಚುಕ್ಕೆಯಿಟ್ಟರೆ 'ಥ'. ಅಡಿಯಲ್ಲಿ ಸೀಳಿದರೆ 'ಧ'. 'ಪ'ದ ಹೊಟ್ಟೆಯಲ್ಲಿ ಅಡ್ಡ ಗೆರೆ ಬಂದರೆ 'ಷ'. ಹೀಗೆ ಕನ್ನಡದಲ್ಲಿ ಅಕ್ಷರದ ಹೊರಗಿನ ಆಕಾರದಷ್ಟೇ ಒಳಗಿನ ಬಯಲೂ ಅರ್ಥವನ್ನು ಹೊತ್ತಿದೆ. ಅಗಲವನ್ನು ಕುಗ್ಗಿಸಿದಾಗ ಮೊದಲು ಪೆಟ್ಟು ಬೀಳುವುದು ಈ ಬಯಲಿಗೇ.

ಇನ್ನೊಂದು ವಿಶೇಷವೆಂದರೆ ಒತ್ತಕ್ಷರ. ಇಂಗ್ಲಿಷಿನಲ್ಲಿ ವ್ಯಂಜನಗಳು ಎಷ್ಟಿದ್ದರೂ ಅಕ್ಕಪಕ್ಕದಲ್ಲಿ ನಿಲ್ಲುತ್ತವೆ. ಕನ್ನಡದಲ್ಲಿ ಒಂದರ ಕೆಳಗೊಂದು ಸೇರುತ್ತವೆ. 'ರಾಷ್ಟ್ರ' ಎಂಬಲ್ಲಿ ಷಕಾರ, ಟಕಾರ, ರಕಾರಗಳು ಮೂರೂ ಹೆಚ್ಚು ಕಡಮೆ ಒಂದೇ ಅಕ್ಷರದ ಎಡೆಯಲ್ಲಿ ಅಡಗಿವೆ. ನಮ್ಮ ಲಿಪಿ ಅಗಲವನ್ನು ಉಳಿಸುವ ಯುಕ್ತಿಯನ್ನು ತಾನಾಗಿಯೇ ಕಂಡುಕೊಂಡಿದೆಯೆಂದು ಹೇಳಬಹುದು. ಆದರೆ ಅದಕ್ಕೆ ಬೆಲೆಯನ್ನು ಎತ್ತರದಲ್ಲಿ ತೆರಬೇಕಾಗಿದೆ. ಅರ್ಕಾವತ್ತು, ಕೊಂಬು, ದೀರ್ಘಗಳು ಮಾತ್ರ ಪಕ್ಕಕ್ಕೆ ಚಾಚಿ ಅಗಲವನ್ನೂ ಕೇಳುತ್ತವೆ.

ಕಣ್ಣಿನ ಲೆಕ್ಕ

ಆರೋಗ್ಯವಂತವಾದ ಕಣ್ಣು ಎರಡು ಗೆರೆಗಳನ್ನು ಬೇರೆ ಬೇರೆಯಾಗಿ ಕಾಣಬೇಕಾದರೆ ಅವುಗಳ ನಡುವಣ ಬಯಲು ಕಣ್ಣಿನಲ್ಲಿ ಸುಮಾರು ಒಂದು ಕಲೆಯಷ್ಟಾದರೂ ಕೋನವನ್ನು ಮಾಡಬೇಕು. ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗಕ್ಕೆ ಕಲೆಯೆಂದು ಹೆಸರು. ೧೮೬೨ರಲ್ಲಿ ಡಚ್ ವೈದ್ಯ ಸ್ನೆಲ್ಲನ್ ಸಿದ್ಧಪಡಿಸಿದ ಕಣ್ಣುಪರೀಕ್ಷೆಯ ಅಕ್ಷರಪಟ ಈ ತತ್ತ್ವದ ಮೇಲೆಯೇ ನಿಂತಿದೆ. ಅದರ ಪ್ರಮಾಣದ ಸಾಲಿನಲ್ಲಿ ಇಡೀ ಅಕ್ಷರ ಐದು ಕಲೆ, ಅದರ ಒಂದೊಂದು ಗೆರೆ ಒಂದು ಕಲೆ.

ಒಂದು ಕಲೆಯ ಕೋನ ೧೦ ಮೀಟರ್ ದೂರದಲ್ಲಿ ಸುಮಾರು ೨.೯ ಮಿಲಿಮೀಟರಿಗೆ ಸಮ. ೩೦ ಮೀಟರ್ ದೂರದಲ್ಲಿ ೮.೭ ಮಿಲಿಮೀಟರಿಗೆ ಸಮ. ಇದನ್ನು ನಾವು ಒಂದು 'ಮಾನ' ಎಂದು ಕರೆಯೋಣ. ಈಗ ಅಕ್ಷರಗಳನ್ನು ಅಳೆಯಬಹುದು. ಇಂಗ್ಲಿಷಿನ ದೊಡ್ಡ 'ಐ'ಗೆ ಬೇಕಾದುದು ಒಂದು ಕಂಬ, ಎಂದರೆ ಒಂದು ಮಾನ. 'ಎಚ್'ಗೆ ಕಂಬ, ಬಯಲು, ಕಂಬ. ಒಟ್ಟು ಮೂರು ಮಾನ. ನಮ್ಮ 'ಠ'ಕಾರಕ್ಕೋ? ಎಡಗೆರೆ, ಬಯಲು, ಚುಕ್ಕೆ, ಬಯಲು, ಬಲಗೆರೆ. ಒಟ್ಟು ಐದು ಮಾನ. ಆದುದರಿಂದ ೩೦ ಮೀಟರ್ ದೂರದಲ್ಲಿ ನಿಂತವನಿಗೆ 'ಎಚ್' ತಿಳಿಯಲು ಸುಮಾರು ೨೬ ಮಿಲಿಮೀಟರ್ ಅಗಲ ಸಾಕು. 'ಠ' ತಿಳಿಯಲು ಸುಮಾರು ೪೪ ಮಿಲಿಮೀಟರ್ ಬೇಕೇ ಬೇಕು. ಅದಕ್ಕಿಂತ ಕಿರಿದಾದರೆ ಚುಕ್ಕೆ ಗೋಡೆಗಳಲ್ಲಿ ಕರಗಿ, ಒಂದು ಕಪ್ಪು ಉಂಡೆ ಮಾತ್ರ ಕಾಣುತ್ತದೆ. ಇಂಗ್ಲಿಷಿನ ಅಕ್ಷರವನ್ನು ಕುಗ್ಗಿಸಿದಷ್ಟು ಕನ್ನಡದ ಅಕ್ಷರವನ್ನು ಕುಗ್ಗಿಸಲಾಗದೆಂಬುದು ಕೇವಲ ಅಭಿರುಚಿಯ ಮಾತಲ್ಲ, ಎಣಿಕೆಯ ಮಾತು.

ಎನ್.ಆರ್. ಕಾಲೋನಿಯ ಮೂರು ಸಂಸ್ಥೆಗಳ ಹೆಸರುಗಳನ್ನು ಪರೀಕ್ಷೆಗೆ ತೆಗೆದುಕೊಳ್ಳೋಣ. ೧೯೩೫ರಲ್ಲಿ ಸ್ಥಾಪಿತವಾದ ಆಚಾರ್ಯ ಪಾಠಶಾಲಾ, ೧೯೪೫ರಲ್ಲಿ ಡಿ.ವಿ. ಗುಂಡಪ್ಪನವರು ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ, ೧೯೭೯ರಲ್ಲಿ ಪ್ರೊ. ಎಂ.ವಿ. ಸೀತಾರಾಮಯ್ಯನವರು ಹುಟ್ಟುಹಾಕಿದ ಬಿ.ಎಂ.ಶ್ರೀ. ಸ್ಮಾರಕ ಪ್ರತಿಷ್ಠಾನ. ಮೊದಲನೆಯದರಲ್ಲಿ 'ಠ' ಇಡಿಯಾಗಿ ಇದೆ. ಎರಡನೆಯದರಲ್ಲಿ ಸಕಾರದ ಕೆಳಗೆ 'ಥ' ಒತ್ತಾಗಿ ಇದೆ. ಮೂರನೆಯದರಲ್ಲಿ ಷಕಾರದ ಕೆಳಗೆ 'ಠ' ಒತ್ತಾಗಿ ಇದೆ. ಮೂರರಲ್ಲಿಯೂ ಒಡಲಲ್ಲಿ ಚುಕ್ಕೆಯನ್ನು ಹೊತ್ತ ಅಕ್ಷರವೊಂದು ಇದ್ದೇ ಇದೆ! ಇವು ಅಪೂರ್ವವಾದ ಅಕ್ಷರಗಳೆಂದು ತಳ್ಳಿಹಾಕುವಂತಿಲ್ಲ.

'ಸ್ಮಾರಕ ಪ್ರತಿಷ್ಠಾನ' ಎಂಬ ಎರಡು ಪದಗಳನ್ನು ೩೦ ಮೀಟರ್ ದೂರಕ್ಕೆ ಕಾಣುವಂತೆ ಬರೆಯಬೇಕೆಂದು ಇಟ್ಟುಕೊಳ್ಳಿರಿ. ಠಕಾರದ ಒತ್ತು ೪೪ ಮಿಲಿಮೀಟರ್ ಇರಬೇಕು. ಒತ್ತಿನ ಅಳತೆ ಮೇಲಿನ ಅಕ್ಷರದ ಹತ್ತರಲ್ಲಿ ಆರು ಭಾಗವೆಂದು ಹಿಡಿದರೆ ಮೇಲಿನ ಅಕ್ಷರ ೭೩ ಮಿಲಿಮೀಟರ್ ಆಗುತ್ತದೆ. ಏಳು ಅಕ್ಷರ, ಎರಡು ದೀರ್ಘ, ಪದಗಳ ನಡುವಣ ತೆರಪು ಎಲ್ಲ ಕೂಡಿ ಸುಮಾರು ೬೨ ಸೆಂಟಿಮೀಟರ್ ಅಗಲ. ಎತ್ತರ? ಅಕ್ಷರದ ಒಡಲು ೭೩, ಮೇಲೆ ತಲೆಕಟ್ಟು ಗುಡಿಸುಗಳಿಗೆ ಸುಮಾರು ೨೪, ನಡುವೆ ಒಂದು ಮಾನದ ಬಯಲು, ಕೆಳಗೆ ಒತ್ತು ೪೪; ಒಟ್ಟು ಸುಮಾರು ೧೫ ಸೆಂಟಿಮೀಟರ್. ಇದು ಒಳ್ಳೆಯ ಬೆಳಕಿನಲ್ಲಿ ಒಳ್ಳೆಯ ಕಣ್ಣಿಗೆ ಬೇಕಾದ ಕನಿಷ್ಠ ಪ್ರಮಾಣ. ವೃದ್ಧರು, ಓಡುವ ಬಸ್ಸಿನಲ್ಲಿ ಕುಳಿತವರು, ಈಗತಾನೆ ಓದಲು ಕಲಿತ ಮಕ್ಕಳು ಇವರನ್ನು ನೆನೆದರೆ ಇದನ್ನು ಇಮ್ಮಡಿ ಮಾಡುವುದು ಉಚಿತ. ಆಗ ಅಗಲ ಸುಮಾರು ೧೨೫ ಸೆಂಟಿಮೀಟರ್, ಎತ್ತರ ೩೦ ಸೆಂಟಿಮೀಟರ್.

ಅರುವತ್ತು ಸೆಂಟಿಮೀಟರ್ ಎತ್ತರದ ಫಲಕದಲ್ಲಿ ಪ್ರತಿಶತ ೬೦ ಎಂದರೆ ೩೬ ಸೆಂಟಿಮೀಟರ್. ನಮ್ಮ ಸಾಲು ಅದರಲ್ಲಿ ಚೆನ್ನಾಗಿ ಕೂಡುತ್ತದೆ. ಎಂಟು ಅಡಿ, ಎಂದರೆ ಸುಮಾರು ೨೪೪ ಸೆಂಟಿಮೀಟರ್ ಅಗಲದ ಹಲಗೆಯಲ್ಲಿ ಇಂಥ ಹದಿಮೂರು ಹದಿನಾಲ್ಕು ಅಕ್ಷರಗಳು ಹಿಡಿಸಬಹುದು. ಹೆಸರು ಅದಕ್ಕಿಂತ ಉದ್ದವಾಯಿತೆಂದರೆ ಇಕ್ಕಟ್ಟಿನ ಪ್ರಶ್ನೆ ಏಳುತ್ತದೆ.

ಹಿಂಡುವುದು ಬೇರೆ, ರೂಪಿಸುವುದು ಬೇರೆ

ಗಣಕಯಂತ್ರದಲ್ಲಿ ಯಾವ ಅಕ್ಷರವನ್ನಾದರೂ ಒಂದು ಗುಂಡಿಯೊತ್ತಿ ಅಗಲದಲ್ಲಿ ಕುಗ್ಗಿಸಬಹುದು. ಇದರಿಂದ ಆಗುವುದೇನು? ಗೆರೆಯ ದಪ್ಪ ೧೦ ಮಿಲಿಮೀಟರ್, ಒಳಬಯಲು ೨೦ ಮಿಲಿಮೀಟರ್ ಇರುವ ಬಳೆಯೊಂದನ್ನು ಪ್ರತಿಶತ ೬೦ಕ್ಕೆ ಹಿಂಡಿದೆವೆನ್ನೋಣ. ನಿಂತ ಗೆರೆಗಳು ೬ ಮಿಲಿಮೀಟರಿಗೆ ಇಳಿಯುತ್ತವೆ. ಬಯಲು ೧೨ಕ್ಕೆ ಇಳಿಯುತ್ತದೆ. ಮಲಗಿದ ಗೆರೆಗಳು ಮಾತ್ರ ೧೦ ಮಿಲಿಮೀಟರಿನಲ್ಲಿಯೇ ನಿಲ್ಲುತ್ತವೆ. ಮೇಲೆ ಕೆಳಗೆ ದಪ್ಪ, ಎಡ ಬಲಕ್ಕೆ ತೆಳು; ಅಕ್ಷರಕ್ಕೆ ರೋಗ ಬಂದಂತೆ ಕಾಣುತ್ತದೆ. ಠಕಾರದ ದುಂಡು ಚುಕ್ಕೆಯೂ ನಿಂತ ಕಡ್ಡಿಯಾಗಿಬಿಡುತ್ತದೆ.

ನಿಜವಾದ ಇಕ್ಕಟ್ಟು ಅಕ್ಷರವನ್ನು ರೂಪಿಸುವವನ ಕ್ರಮವೇ ಬೇರೆ. ಅವನು ಮೊದಲು ಬಯಲನ್ನು ಕಾಪಾಡುತ್ತಾನೆ. ಬಳೆಯ ಎಡಬಲಗಳನ್ನು ಸ್ವಲ್ಪ ನೆಟ್ಟಗೆ ಮಾಡಿದರೆ ಅದೇ ಅಗಲದಲ್ಲಿ ಒಳಗೆ ಹೆಚ್ಚು ಜಾಗ ದೊರೆಯುತ್ತದೆ. ಮಲಗಿದ ಗೆರೆಗಳನ್ನೂ ನಿಂತ ಗೆರೆಗಳಿಗೆ ಹೊಂದುವಂತೆ ಸಣ್ಣದಾಗಿಸುತ್ತಾನೆ. ತಲೆಕಟ್ಟಿನ ಬಲತುದಿಯನ್ನು ಮೊಟಕುಮಾಡಿ ಮುಂದಿನ ಅಕ್ಷರಕ್ಕೆ ತಾಕದಂತೆ ಮಾಡುತ್ತಾನೆ. ಒತ್ತುಗಳನ್ನು ಎಲ್ಲಕ್ಕಿಂತ ಕಡಮೆ ಹಿಂಡುತ್ತಾನೆ. ಏಕೆಂದರೆ ಅವು ಮೊದಲೇ ಚಿಕ್ಕವು. ದಪ್ಪಗೆರೆಗಳು ಕೂಡುವ ಸಂದುಗಳಲ್ಲಿ ಒಂದು ಸಣ್ಣ ಕಚ್ಚನ್ನೂ ಬಿಡುವುದುಂಟು. ೧೯೭೮ರಲ್ಲಿ ಅಮೆರಿಕದ ಟೆಲಿಫೋನ್ ಪುಸ್ತಕಗಳಿಗಾಗಿ ಮ್ಯಾಥ್ಯೂ ಕಾರ್ಟರ್ ರೂಪಿಸಿದ ಬೆಲ್ ಸೆಂಟಿನಿಯಲ್ ಅಕ್ಷರಗಳಲ್ಲಿ ಇಂಥ ಕಚ್ಚುಗಳು ಪ್ರಸಿದ್ಧವಾದವು. ಒರಟು ಕಾಗದದಲ್ಲಿ ಶಾಯಿ ಹರಡಿದಾಗ ಆ ಕಚ್ಚುಗಳು ತುಂಬಿಕೊಂಡು ಅಕ್ಷರ ತನ್ನ ಸರಿಯಾದ ರೂಪವನ್ನು ಪಡೆಯುತ್ತಿತ್ತು. ಹಿಂದಿನಿಂದ ದೀಪ ಬೆಳಗುವ ಇಂದಿನ ಫಲಕಗಳಲ್ಲಿ ಶಾಯಿಯ ಬದಲು ಬೆಳಕು ಹರಡಿ ಬಯಲನ್ನು ಮುಚ್ಚುತ್ತದೆ; ಆದಕಾರಣ ಅಲ್ಲಿಯೂ ಈ ಎಚ್ಚರಿಕೆ ಬೇಕು.

ಸೀಸದ ಕಾಲದಲ್ಲಿ

ಕನ್ನಡದಲ್ಲಿ ಇಂಥ ಅಕ್ಷರಗಳು ತಡವಾಗಿ ಬಂದುದೇಕೆ? ಶ್ರೀರಾಮಪುರದಲ್ಲಿ ವಿಲಿಯಂ ಕೇರಿ ೧೮೧೭ರಲ್ಲಿ ಕನ್ನಡ ವ್ಯಾಕರಣವನ್ನು ಅಚ್ಚು ಮಾಡಿಸಿದನು. ಮಂಗಳೂರಿನ ಬಾಸೆಲ್ ಮಿಷನ್ನಿನವರು ೧೮೪೩ರಲ್ಲಿ 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು. ಅದೇ ಮಿಷನ್ನಿನ ಮುದ್ರಣಾಲಯದಿಂದ ೧೮೯೪ರಲ್ಲಿ ಕಿಟ್ಟೆಲರ ನಿಘಂಟು ಹೊರಬಂದಿತು. ಕಲ್ಲಚ್ಚಿನಲ್ಲಿ ಕೈಬರಹ ಹೇಗಿದ್ದರೆ ಹಾಗೆ ಮೂಡುತ್ತದೆ. ಮೊಳೆಯಚ್ಚಿನಲ್ಲಿ ಹಾಗಲ್ಲ. ಒಂದೊಂದು ಆಕೃತಿಯನ್ನೂ ಉಕ್ಕಿನ ತುದಿಯಲ್ಲಿ ಕೊರೆದು, ಅದನ್ನು ತಾಮ್ರಕ್ಕೆ ಹೊಡೆದು ಪಡಿಯಚ್ಚು ಮಾಡಿ, ಸೀಸ, ಆಂಟಿಮನಿ, ತವರಗಳ ಮಿಶ್ರಲೋಹವನ್ನು ಎರೆದು ಮೊಳೆ ಪಡೆಯಬೇಕು. ಒಂದು ಅಳತೆಗೆ ಒಂದು ಕಟ್ಟು, ಇನ್ನೊಂದು ಅಗಲಕ್ಕೆ ಮತ್ತೊಂದು ಕಟ್ಟು.

ನಮ್ಮ ವ್ಯಂಜನಗಳು ೩೪. ಋಕಾರವನ್ನು ಬಿಟ್ಟು ಅಕಾರದಿಂದ ಔಕಾರದವರೆಗೆ ಒಂದೊಂದಕ್ಕೆ ೧೨ ರೂಪ. ಗುಣಿತಾಕ್ಷರಗಳೇ ೪೦೮ ಆದವು. ಇವುಗಳನ್ನು ತುಂಡು ತುಂಡು ಮಾಡಿ ಜೋಡಿಸಿದರೂ ಒತ್ತುಗಳೂ ಸೇರಿ ನೂರಾರು ಮೊಳೆಗಳು ಬೇಕಾಗುತ್ತಿದ್ದವು. ಇಷ್ಟೊಂದನ್ನು ಇನ್ನೊಮ್ಮೆ ಇಕ್ಕಟ್ಟಾಗಿ ಕೊರೆಯಿಸಲು ಯಾವ ಅಚ್ಚುಕೂಟಕ್ಕೆ ತಾನೆ ಸುಲಭವಿತ್ತು? ಆದುದರಿಂದ ತಲೆಬರಹಗಳನ್ನು ಚಿತ್ರಕಾರರಿಂದ ಕೈಯಲ್ಲಿ ಬರೆಯಿಸಿ ಬ್ಲಾಕ್ ಮಾಡಿಸುವುದು ರೂಢಿಯಾಯಿತು. ಸಿನಿಮಾ ಭಿತ್ತಿಪತ್ರ, ಪುಸ್ತಕದ ರಕ್ಷಾಪತ್ರ, ಅಂಗಡಿಯ ಹಲಗೆ ಇವುಗಳ ಮೇಲೆ ಕುಂಚದವರು ತಮ್ಮ ಕಣ್ಣಳತೆಯಿಂದಲೇ ಅಕ್ಷರವನ್ನು ಜಾಗಕ್ಕೆ ಒಗ್ಗಿಸುತ್ತಿದ್ದರು.

ಹಿಗ್ಗುವ ಕುಗ್ಗುವ ಅಕ್ಷರ

ಗಣಕಯಂತ್ರ ಈ ಕಷ್ಟವನ್ನು ಬಹುಮಟ್ಟಿಗೆ ನೀಗಿತು. ೨೦೧೬ರ ಸೆಪ್ಟೆಂಬರಿನಲ್ಲಿ ಆಪಲ್, ಗೂಗಲ್, ಮೈಕ್ರೋಸಾಫ್ಟ್, ಅಡೋಬಿ ಸಂಸ್ಥೆಗಳು ಕೂಡಿ ವೇರಿಯಬಲ್ ಫಾಂಟ್ ಎಂಬ ವ್ಯವಸ್ಥೆಯನ್ನು ಪ್ರಕಟಿಸಿದವು. ಅದರ ತತ್ತ್ವ ಸರಳ. ಅಕ್ಷರದ ಅಂಚನ್ನು ಕೆಲವು ಬಿಂದುಗಳಿಂದ ವರ್ಣಿಸುತ್ತಾರೆ. ಒಂದು ಬಾರಿ ಇಕ್ಕಟ್ಟಾಗಿಯೂ ಇನ್ನೊಂದು ಬಾರಿ ವಿಶಾಲವಾಗಿಯೂ ಕೈಯಾರೆ ರೂಪಿಸಿ, ಎರಡರಲ್ಲಿಯೂ ಅದೇ ಬಿಂದುಗಳಿರುವಂತೆ ನೋಡಿಕೊಳ್ಳುತ್ತಾರೆ. ನಡುವಣ ಯಾವ ಅಗಲ ಬೇಕಾದರೂ ಯಂತ್ರವು ಆಯಾ ಬಿಂದುವಿನ ನಡುದಾರಿಯನ್ನು ಲೆಕ್ಕ ಹಾಕಿ ಕೊಡುತ್ತದೆ. ಇದು ಹಿಂಡುವುದಲ್ಲ, ರೂಪಿಸಿದ ಎರಡು ತುದಿಗಳ ನಡುವೆ ನಡೆಯುವುದು.

೨೦೨೨ರಲ್ಲಿ ಏಕ್ ಟೈಪ್ ತಂಡದಿಂದ ಹೊರಬಂದ 'ಅನೇಕ್' ಮಾಲೆಯಲ್ಲಿ ಕನ್ನಡವೂ ಇದೆ. ಅದನ್ನು ರೂಪಿಸಿದವರು ವೈಷ್ಣವಿ ಮೂರ್ತಿ. ಅದರ ಅಗಲ ಸಾಮಾನ್ಯದ ಪ್ರತಿಶತ ೭೫ರಿಂದ ೧೨೫ರವರೆಗೆ ಬದಲಾಗಬಲ್ಲದು. ನೋಟೋ ಸಾನ್ಸ್ ಕನ್ನಡ ಪ್ರತಿಶತ ೬೨.೫ರವರೆಗೆ ಇಳಿಯುತ್ತದೆ. ದಪ್ಪ-ತೆಳುಗಳಿರುವ ನೋಟೋ ಸೆರಿಫ್ ಕನ್ನಡದಲ್ಲಿ ಗೆರೆಯ ದಪ್ಪವನ್ನು ಬದಲಾಯಿಸಬಹುದು, ಅಗಲವನ್ನಲ್ಲ. ತೆಳುಗೆರೆಗಳು ಮೊದಲೇ ಕಣ್ಣಿನ ಮಿತಿಗೆ ಹತ್ತಿರವಾಗಿರುವುದರಿಂದ ಅಂಥ ಅಕ್ಷರಗಳನ್ನು ದೂರದ ನೋಟಕ್ಕಾಗಿ ಇಕ್ಕಟ್ಟು ಮಾಡುವುದು ಎಲ್ಲಕ್ಕಿಂತ ಕಠಿಣವಾದ ಕೆಲಸ. ಸಮರ್ಥರಾದ ತರುಣರಿಗೆ ಇಲ್ಲಿ ಕ್ಷೇತ್ರ ತೆರೆದಿದೆ.

ವಿದ್ಯಾರ್ಥಿಗಳು ಮಾಡಿ ನೋಡಬಹುದಾದ ಪ್ರಯೋಗ

ರ, ಠ, ದ, ಥ, ಧ ಎಂಬ ಐದು ಅಕ್ಷರಗಳನ್ನು ಒಡಲಿನ ಅಗಲ ೧೦ ಮಿಲಿಮೀಟರ್ ಇರುವಂತೆ ಕ್ರಮ ತಪ್ಪಿಸಿ ಮುದ್ರಿಸಿಕೊಳ್ಳಿರಿ. ಅದೇ ಎತ್ತರದಲ್ಲಿ, ಅಗಲವನ್ನು ೮ ಮತ್ತು ೬ ಮಿಲಿಮೀಟರಿಗೆ ಹಿಂಡಿ ಇನ್ನೆರಡು ಹಾಳೆಗಳನ್ನು ಸಿದ್ಧಪಡಿಸಿರಿ. ಬೆಳಕಿರುವ ಗೋಡೆಗೆ ಅಂಟಿಸಿ, ಮಿತ್ರನೊಬ್ಬನನ್ನು ದೂರದಿಂದ ಹತ್ತಿರಕ್ಕೆ ನಡೆದುಬರಲು ಹೇಳಿರಿ. ಐದನ್ನೂ ತಪ್ಪಿಲ್ಲದೆ ಓದಿದ ದೂರವನ್ನು ಗುರುತುಮಾಡಿಕೊಳ್ಳಿರಿ. ಐದು ಮಾನಗಳ ಲೆಕ್ಕದಂತೆ ಮೊದಲ ಹಾಳೆಗೆ ಇದು ಸುಮಾರು ೭ ಮೀಟರ್, ಕೊನೆಯದಕ್ಕೆ ಸುಮಾರು ೪ ಮೀಟರ್ ಆಗಬೇಕು. ಚುಕ್ಕೆಯ ಸುತ್ತಣ ಬಯಲು ಗೆರೆಗಿಂತ ಕಿರಿದಾಗಿದ್ದರೆ ದೂರ ಇನ್ನೂ ಕಡಮೆಯಾಗುತ್ತದೆ. ಬಳಿಕ ಅನೇಕ್ ಕನ್ನಡದ ಇಕ್ಕಟ್ಟು ರೂಪದಲ್ಲಿ ಅದೇ ಅಗಲದ ಅಕ್ಷರಗಳನ್ನು ಮುದ್ರಿಸಿ ಹೋಲಿಸಿರಿ. ಹಿಂಡಿದ ಅಕ್ಷರಕ್ಕೂ ರೂಪಿಸಿದ ಅಕ್ಷರಕ್ಕೂ ಇರುವ ಅಂತರವನ್ನು ನಿಮ್ಮ ಅಳತೆಪಟ್ಟಿಯೇ ಹೇಳುತ್ತದೆ.

ಹೆಸರು ಉದ್ದವಾದಾಗ ಮಾಡಬೇಕಾದುದೇನೆಂಬುದೂ ಈಗ ಸ್ಪಷ್ಟ. ಮೊದಲು ಅನಾವಶ್ಯಕವಾದ ಪದಗಳನ್ನು ಬಿಡಬೇಕು. ಆಮೇಲೆ ಎರಡು ಸಾಲು ಮಾಡಲು ಎತ್ತರವಿದೆಯೆ ನೋಡಬೇಕು. ಅದೂ ಇಲ್ಲದಿದ್ದರೆ ಇಕ್ಕಟ್ಟಿಗಾಗಿಯೇ ರೂಪಿಸಿದ ಅಕ್ಷರವನ್ನು ಆರಿಸಬೇಕು. ಹಿಂಡುವ ಗುಂಡಿಯನ್ನು ಮಾತ್ರ ಮುಟ್ಟಬಾರದು. ಫಲಕದ ಅರುವತ್ತು ಭಾಗವನ್ನು ಕನ್ನಡ ಆಕ್ರಮಿಸಿಕೊಂಡಿದ್ದರೂ, ರಸ್ತೆಯ ಆಚೆ ಬದಿಯಲ್ಲಿ ನಿಂತವನಿಗೆ 'ಪಾಠ' ಯಾವುದು, 'ಪಾರ' ಯಾವುದು ಎಂದು ತಿಳಿಯದಿದ್ದರೆ ಆ ಸ್ಥಳ ವ್ಯರ್ಥವೇ ಸರಿ. ಅದನ್ನು ಸಾರ್ಥಕಪಡಿಸುವುದು ಠಕಾರದ ಒಡಲಲ್ಲಿ ಚುಕ್ಕೆಯ ಎರಡು ಪಕ್ಕಗಳಲ್ಲಿಯೂ ಉಳಿಯುವ ಒಂದೊಂದು ಮಾನದ ಬಯಲು.